ಕಾಳನ ಹೆಸರಿಗೆ ಬಂದ ಐವತ್ತು ರೂಪಾಯಿ

ನನಗೊಂದು ಅಭ್ಯಾಸವಿದೆ. ಏನು ಬರೆದರೂ ಕೊನೆಯಲ್ಲಿ ಪದ ಎಣಿಸಿ, ಕಾಗದದ ಮೂಲೆಯಲ್ಲಿ ಸಂಖ್ಯೆ ಬರೆದು, ಅದರ ಸುತ್ತ ಒಂದು ಸೊನ್ನೆ ಸುತ್ತುತ್ತೇನೆ. ಹೋದ ವಾರ ಅಂಗಡಿ ಸಾಮಾನಿನ ಚೀಟಿ ಬರೆದು ಸೊಸೆಯ ಕೈಗೆ ಕೊಟ್ಟಿದ್ದೆ. ಚೀಟಿಯ ಕೊನೆಯ ಸಾಮಾನು ತೆಂಗಿನಕಾಯಿ. ಅದರ ಪಕ್ಕದಲ್ಲಿದ್ದ ಇಪ್ಪತ್ತೆರಡನ್ನು ನೋಡಿ ಅಂಗಡಿಯವನು ಮರುಮಾತಿಲ್ಲದೆ ಇಪ್ಪತ್ತೆರಡು ತೆಂಗಿನಕಾಯಿಗಳನ್ನು ಆಟೋದಲ್ಲಿ ಹಾಕಿ ಕಳಿಸಿದ. ಈಗ ನಮ್ಮ ಮನೆಯಲ್ಲಿ ಎರಡು ಹೊತ್ತೂ ಚಟ್ನಿ. ಸೊಸೆ ನನ್ನ ಜತೆ ಮಾತಾಡುತ್ತಿದ್ದಾಳೆ, ಆದರೆ ಸ್ವಲ್ಪ ಕಡಿಮೆ.

ಇದು ವಯಸ್ಸಿನಿಂದ ಬಂದ ಮರುಳಲ್ಲ, ಸ್ವಾಮಿ. ಹದಿನೈದನೇ ವಯಸ್ಸಿನಲ್ಲಿ ಅಂಟಿಕೊಂಡ ಚಾಳಿ. ಆಗ ನಾನು ಪ್ರಬಂಧ ಸ್ಪರ್ಧೆಗಳಿಗೆ ಬರೆಯುತ್ತಿದ್ದೆ. ಸಾಹಿತ್ಯದ ಮೇಲಿನ ಪ್ರೀತಿಯಿಂದ ಎಂದು ಹೇಳಿದರೆ ನೀವು ನಂಬಬಹುದು, ಆದರೆ ನನಗೇ ನಗು ಬಂದೀತು. ಬರೆಯುತ್ತಿದ್ದದ್ದು ಕಾಸಿಗೆ. ಮಾನಂದವಾಡಿಯ ಬಸ್ ನಿಲ್ದಾಣದ ಹಿಂದೆ ಒಂದು ಹೋಟೆಲಿತ್ತು. ಅಲ್ಲಿ ಪೊರೋಟ ಬಡಿಯುವ ಸದ್ದು ನಮ್ಮ ಹೈಸ್ಕೂಲಿನ ತನಕ ಕೇಳುತ್ತಿತ್ತು. ಮನೆಯಿಂದ ತಂದ ತಣ್ಣನೆಯ ರಾಗಿರೊಟ್ಟಿ ತಿನ್ನುತ್ತಾ ಆ ಸದ್ದು ಕೇಳುವುದಿದೆಯಲ್ಲ, ಅದಕ್ಕಿಂತ ದೊಡ್ಡ ಸ್ಫೂರ್ತಿ ನನಗೆ ಈವರೆಗೆ ಯಾವುದರಿಂದಲೂ ಸಿಕ್ಕಿಲ್ಲ.

ನಮ್ಮ ಮನೆ ಬಾವಲಿಯಲ್ಲಿ. ಹೊಳೆಯ ಆಚೆ ಕರ್ನಾಟಕ, ಈಚೆ ಮಲಯಾಳದ ಸೀಮೆಯಲ್ಲಿ ನಾವು. ಮುತ್ತಜ್ಜನ ಕಾಲದಲ್ಲಿ ಎಚ್.ಡಿ. ಕೋಟೆ ಕಡೆಯಿಂದ ಎತ್ತು, ಹೆಂಡತಿ, ಒಂದು ಒರಳುಕಲ್ಲು ಸಮೇತ ಬಂದು ಗದ್ದೆ ಮಾಡಿದ ಗೌಡರ ಮನೆ ನಮ್ಮದು. ಒಲೆಯ ಮುಂದೆ ಕನ್ನಡ, ಕಪ್ಪುಹಲಗೆಯ ಮುಂದೆ ಮಲಯಾಳ. ಪೇಪರು ಮಧ್ಯಾಹ್ನದ ಬಸ್ಸಿನಲ್ಲಿ ಚಹದಂಗಡಿಗೆ ಬರುತ್ತಿತ್ತು. ಗಂಡಸರು ಮೊದಲ ಪುಟ ಓದಿ ನಿಟ್ಟುಸಿರು ಬಿಟ್ಟ ಮೇಲೆ ಅದು ನನ್ನ ಕೈಗೆ ಬರುತ್ತಿತ್ತು. ನನಗೆ ಬೇಕಾದದ್ದು ಒಳಪುಟದ ಮೂಲೆ: ‘ಪ್ರಬಂಧಗಳನ್ನು ಆಹ್ವಾನಿಸಲಾಗಿದೆ. ಐನೂರು ಪದ ಮೀರಬಾರದು.’

ಇಲ್ಲೊಂದು ಭಾಷೆಯ ತೊಡಕನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಕಥೆ ನಿಮಗೆ ಸುಳ್ಳೆನಿಸೀತು. ನಾವು ಪ್ರಬಂಧ ಅನ್ನುವುದನ್ನು ಮಲಯಾಳದಲ್ಲಿ ಉಪನ್ಯಾಸ ಅನ್ನುತ್ತಾರೆ. ನಾವು ಉಪನ್ಯಾಸ ಅನ್ನುವುದನ್ನು ಅವರು ಪ್ರಸಂಗ ಅನ್ನುತ್ತಾರೆ. ಬಹುಮಾನಕ್ಕೆ ಅವರ ಮಾತು ಸಮ್ಮಾನ. ಮೊದಲ ಸಲ ನಾನು ಸ್ಕೂಲಿನಿಂದ ಬಂದು “ಉಪನ್ಯಾಸಕ್ಕೆ ಸಮ್ಮಾನ ಸಿಕ್ತು” ಅಂದಾಗ ಅಪ್ಪ ಪಂಚೆ ಸರಿಮಾಡಿಕೊಂಡು ಎದ್ದು ನಿಂತು, “ಎಷ್ಟು ಜನ ಸೇರಿದ್ರು? ಶಾಲು ಹೊದಿಸಿದ್ರಾ?” ಎಂದು ಕೇಳಿದ್ದರು.

ಆ ಮೊದಲ ಪ್ರಬಂಧದ ವಿಷಯ ಉಳಿತಾಯ. ಬಹುಮಾನ ಹತ್ತು ರೂಪಾಯಿ. ಅದು ಕೈಗೆ ಬಂದ ದಿನ ಮೂವರು ಗೆಳತಿಯರನ್ನು ಕರೆದುಕೊಂಡು ಹೋಗಿ, ಪೊರೋಟ, ಮೊಟ್ಟೆಕರಿ, ಮೇಲೆ ಒಂದೊಂದು ಬಾಳೆಹಣ್ಣಿನ ಬೋಂಡ ತಿಂದು, ಸಂಜೆ ಬಸ್ ಚಾರ್ಜಿಗೆ ಕಂಡಕ್ಟರನ ಹತ್ತಿರ ಬೈಗುಳ ತಿಂದೆ. ಎರಡನೆಯದು ಮಿತ ಕುಟುಂಬದ ಲಾಭಗಳ ಬಗ್ಗೆ. ನಾವು ಏಳು ಮಕ್ಕಳು, ನಾನು ಐದನೆಯವಳು. ತೊಟ್ಟಿಲಲ್ಲಿದ್ದ ಏಳನೆಯದನ್ನು ಕಾಲಿಂದ ತೂಗುತ್ತಾ ಅದನ್ನು ಬರೆದೆ. ‘ನಮ್ಮ ಮನೆಯಲ್ಲಿ ಇಬ್ಬರೇ ಮಕ್ಕಳಿರುವುದರಿಂದ ನೆಮ್ಮದಿ ಇದೆ’ ಎಂಬ ವಾಕ್ಯಕ್ಕೆ ತೀರ್ಪುಗಾರರು ವಿಶೇಷ ಮೆಚ್ಚುಗೆ ಸೂಚಿಸಿದ್ದರು.

ಒಬ್ಬರಿಗೆ ಒಂದೇ ಪ್ರಬಂಧ ಎಂಬ ನಿಯಮ ಎಲ್ಲ ಕಡೆಯೂ ಇತ್ತು. ಹೀಗಾಗಿ ನಾನು ಮನೆಯವರ ಹೆಸರುಗಳನ್ನೆಲ್ಲ ಕೆಲಸಕ್ಕೆ ಹಚ್ಚಿದೆ. ಅಕ್ಕಂದಿರು, ಅವ್ವ, ಕೊನೆಗೆ ಅಜ್ಜಿ. ಯುವಜನರ ಕರ್ತವ್ಯ ಎಂಬ ವಿಷಯಕ್ಕೆ ಎಪ್ಪತ್ತು ದಾಟಿದ ನಮ್ಮ ಅಜ್ಜಿಗೆ ಸಮಾಧಾನಕರ ಬಹುಮಾನ ಬಂತು. ಐದು ರೂಪಾಯಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಅಂಚೆಯ ಚಾತುವೇಟ್ಟನ್ ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿ ಏನೂ ಕೇಳದೆ ಹೋದರು. ಚಾತುವೇಟ್ಟನ್ ಬಹಳ ದೊಡ್ಡ ಮನುಷ್ಯ. ಊರಿನ ಎಲ್ಲರ ಕಾಗದಗಳನ್ನೂ ಓದಿ ಹೇಳುತ್ತಿದ್ದದ್ದು ಅವರೇ.

ಇನ್ನು ಐವತ್ತು ರೂಪಾಯಿಯ ವಿಷಯಕ್ಕೆ ಬರುತ್ತೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಕಾಡಿನೊಳಗೆ ನಕ್ಸಲೀಯರಿದ್ದಾರೆ ಎಂದು ಕಾಡಿನ ಹೊರಗಿದ್ದವರೆಲ್ಲ ಹೇಳುತ್ತಿದ್ದ ಕಾಲ. ಮೋರಿಗಳ ಮೇಲೆ ಕೆಂಪಕ್ಷರ ಕಾಣಿಸಿಕೊಳ್ಳುತ್ತಿತ್ತು, ಮಧ್ಯಾಹ್ನದೊಳಗೆ ಯಾರೋ ಸುಣ್ಣ ಬಳಿಯುತ್ತಿದ್ದರು, ಸುಣ್ಣದ ಕೆಳಗಿನಿಂದ ಅಕ್ಷರ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ದಾರಿಯಲ್ಲಿ ಒಂದು ಹಳೆಯ ತೋಟದ ಬಂಗಲೆಯಲ್ಲಿ ಪೊಲೀಸ್ ಕ್ಯಾಂಪು ಬಿದ್ದಿತ್ತು. ಕಂಬಳಿ ಹೊದ್ದು ನಡೆದರೆ ‘ಒಳಗೇನಿದೆ’ ಎನ್ನುವರು, ಹೊದೆಯದೆ ನಡೆದರೆ ‘ಈ ಚಳಿಯಲ್ಲಿ ಎಲ್ಲಿಗೆ’ ಎನ್ನುವರು. ಕಾಡಿನ ಜನರನ್ನು ಹಿಡಿದುಕೊಂಡು ಹೋಗಿ ಎರಡು ದಿನ ಬಿಟ್ಟು ಕಳಿಸುತ್ತಿದ್ದರು. ಹಾಗೆ ಬಂದವರು ಆಮೇಲೆ ಒಂದು ತಿಂಗಳು ಗದ್ದೆಗೆ ಇಳಿಯುತ್ತಿರಲಿಲ್ಲ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ದಿನಗಳಲ್ಲಿ ಒಂದು ಪ್ರಕಟಣೆ ನೋಡಿದೆ. ಕಲ್ಲಿಕೋಟೆಯ ಯಾವುದೋ ಸಂಘ. ವಿಷಯ: ‘ಮಣ್ಣು ಯಾರದು?’ ಮೊದಲ ಬಹುಮಾನ ಐವತ್ತು ರೂಪಾಯಿ. ನನಗೆ ಕಣ್ಣು ಕತ್ತಲೆ ಬಂತು. ಐವತ್ತು ರೂಪಾಯಿಗೆ ಎಷ್ಟು ಪೊರೋಟ ಎಂದು ಲೆಕ್ಕ ಹಾಕುವುದೂ ಆಗಲಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ ಇತ್ತು: ‘ಕೃಷಿ ಕಾರ್ಮಿಕರಿಗೆ ಮಾತ್ರ.’

ನಮ್ಮ ಮನೆಯಲ್ಲಿ ಆ ನಿಯಮಕ್ಕೆ ಹೊಂದುವ ಹೆಸರು ಇರಲಿಲ್ಲ. ಗದ್ದೆಯಲ್ಲಿತ್ತು. ಕಾಳ.

ಕಾಳ ಕಾಡುನಾಯ್ಕರವನು. ಅವನ ಅಪ್ಪನೂ ನಮ್ಮ ಗದ್ದೆಯಲ್ಲೇ ದುಡಿದವನು. ಗದ್ದೆಯಂಚಿನಲ್ಲಿ ಹಲಸಿನ ಮರದ ಕೆಳಗೆ ಅವನ ಗುಡಿಸಲು. ಹೆಂಡತಿ ಚಿಕ್ಕಿ, ನಾಲ್ಕು ವರ್ಷದ ಮಗಳು ಕೆಂಪಿ. ಜೇನಿನ ಕಾಲ ಬಂದರೆ ಅಪ್ಪನಿಗೆ ಹೇಳದೆ ಕಾಡಿಗೆ ಹೋಗಿಬಿಡುವನು, ಬಂದಾಗ ಒಂದು ಬುರುಡೆ ಜೇನು ಜಗಲಿಯ ಮೇಲಿಟ್ಟು ಏನೂ ಆಗದವನಂತೆ ಗದ್ದೆಗಿಳಿಯುವನು. ನನ್ನ ಅಪ್ಪನಿಗಿಂತ ಎರಡು ವರ್ಷಕ್ಕೆ ದೊಡ್ಡವನು. ನಾನು ಅವನನ್ನು ‘ಕಾಳ, ಬಾ ಇಲ್ಲಿ’ ಎಂದೇ ಕರೆಯುತ್ತಿದ್ದೆ. ಊರಿನ ರೂಢಿ ಹಾಗಿತ್ತು. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಬದುವಿನ ಮೇಲೆ ಕುಳಿತು ಅವನನ್ನು ಮಾತಿಗೆಳೆದೆ.

“ಕಾಳ, ಈ ಗುಡಿಸ್ಲು ಯಾರು ಕಟ್ಟಿದ್ದು?”

“ನಮ್ಮಪ್ಪ.”

“ಹಲಸಿನ ಮರ?”

“ಅದನ್ನ ಯಾರೂ ಕಟ್ಟಿಲ್ಲ ಸಣ್ಣವ್ವ. ಅದೇ ಬಂತು.” ಅವನು ನೆಡುವುದಕ್ಕೆ ತಂದ ಸಸಿಯ ಕಟ್ಟು ಬಿಚ್ಚುತ್ತಾ ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿದ. “ಯಾಕೆ, ಸ್ಕೂಲಲ್ಲಿ ನಮ್ಮ ಪಾಠ ಮಾಡ್ತಾರಾ?”

“ಹೂಂ,” ಅಂದೆ.

ಆದರೆ ಕಾಳ ಹೇಳಿದ್ದರಲ್ಲಿ ಐವತ್ತು ರೂಪಾಯಿಯ ಮಾಲು ಇರಲಿಲ್ಲ. ಅಪ್ಪ ಕಟ್ಟಿದ ಗುಡಿಸಲು, ತಾನೇ ಬಂದ ಮರ, ಇದಕ್ಕೆಲ್ಲ ತೀರ್ಪುಗಾರರು ಅಳುವವರಲ್ಲ. ಆದ್ದರಿಂದ ನಾನೇ ಸ್ವಲ್ಪ ಸೇರಿಸಿದೆ. ‘ನಾನು ಕಾಳನ್. ನನ್ನ ಬೆವರು ಬಿದ್ದಲ್ಲಿ ಭತ್ತ ಬೆಳೆಯುತ್ತದೆ, ನನ್ನ ಕಣ್ಣೀರು ಬಿದ್ದಲ್ಲಿ ಏನೂ ಬೆಳೆಯುವುದಿಲ್ಲ’ ಎಂದು ಶುರುಮಾಡಿದೆ. ಒಡೆಯನೊಬ್ಬ ಬೇಕಾಯಿತು. ದಪ್ಪ ಮೀಸೆ, ಕೈಯಲ್ಲಿ ಚಾಟಿ, ಕುದುರೆಯ ಮೇಲೆ ಬರುವ ಒಡೆಯನನ್ನು ಮಾಡಿದೆ. ನಮ್ಮಪ್ಪನಿಗೆ ಮೀಸೆ ಇರಲಿಲ್ಲ, ಕಾಲಿಗೆ ಜಿಗಣೆ ಹತ್ತಿದರೆ ತಲೆ ಸುತ್ತಿ ಕುಳಿತುಬಿಡುವವರು, ಕುದುರೆ ಕಂಡದ್ದು ಮೈಸೂರಿನಲ್ಲಿ ಒಂದು ಸಲ. ಕೊನೆಯಲ್ಲಿ ಇನ್ನೂ ನಲವತ್ತು ಪದ ಬಾಕಿ ಉಳಿದಿದ್ದವು. ಆ ನಲವತ್ತರಲ್ಲಿ ಕಾಳನ ಮಗಳನ್ನು ಹಸಿವಿನಿಂದ ಸಾಯಿಸಿದೆ. ಬರೆದು ಮುಗಿಸಿದಾಗ ನನಗೇ ಕಣ್ಣಲ್ಲಿ ನೀರು. ಕಣ್ಣೊರೆಸಿಕೊಂಡು ಪದ ಎಣಿಸಿದೆ. ನಾನೂರ ತೊಂಬತ್ತೆಂಟು.

ಒಂದೂವರೆ ತಿಂಗಳ ಮೇಲೆ ಚಾತುವೇಟ್ಟನ್ ಚಹದಂಗಡಿಗೆ ಬಂದು, ಬೆಂಚಿನ ಮೇಲೆ ಕುಳಿತಿದ್ದವರ ಮುಂದೆ ಒಂದು ಲಕೋಟೆ ಎತ್ತಿ ಹಿಡಿದರು. “ಶ್ರೀ ಕಾಳನ್, ಬಾವಲಿ. ಕಾಳನಿಗೆ ಕಾಗದ!” ಕಾಳನ ಕುಲದಲ್ಲೇ ಯಾರಿಗೂ ಕಾಗದ ಬಂದದ್ದಿಲ್ಲ. ಕಾಳನನ್ನು ಗದ್ದೆಯಿಂದ ಕರೆಸಿ, ಎಲ್ಲರೆದುರು ಕಾಗದ ಒಡೆದು ಚಾತುವೇಟ್ಟನ್ ಗಟ್ಟಿಯಾಗಿ ಓದಿದರು: ಮಣ್ಣಿನ ಬಗೆಗಿನ ಉಪನ್ಯಾಸಕ್ಕೆ ಒಂದನೇ ಸಮ್ಮಾನ, ಹಣ ಮನಿಯಾರ್ಡರಿನಲ್ಲಿ ಬರುತ್ತದೆ.

ಕಾಳ ಕಾಗದವನ್ನು ಎರಡು ಕೈಯಲ್ಲಿ ಇಸಿದುಕೊಂಡು, ಸೊಂಟದ ಬಟ್ಟೆಯಲ್ಲಿ ಸಿಕ್ಕಿಸಿಕೊಂಡು, ಮತ್ತೆ ಗದ್ದೆಗೆ ಹೋದ. ಅವನು ಏನೂ ಕೇಳಲಿಲ್ಲ. ಸರಕಾರದ ಕಾಗದಗಳು ಯಾಕೆ ಬರುತ್ತವೆ ಎಂದು ಕೇಳುವುದು ಅವನ ಅನುಭವದಲ್ಲಿ ಕ್ಷೇಮದ ಕೆಲಸವಾಗಿರಲಿಲ್ಲ.

ಕೇಳಿದವರು ಮಿಕ್ಕವರು. ಬೆಂಚಿನ ಮೇಲಿದ್ದ ನಮ್ಮ ಕನ್ನಡದವರು ಎದ್ದು ಹೋಗಿ ಮನೆಮನೆಯಲ್ಲಿ, “ಕಾಳ ಕಲ್ಲಿಕೋಟೆಲಿ ಉಪನ್ಯಾಸ ಮಾಡವ್ನಂತೆ! ಮಣ್ಣು ಯಾರ್ದು ಅಂತ ಕೇಳವ್ನಂತೆ! ಅವ್ನಿಗೆ ಸನ್ಮಾನ ಮಾಡ್ತಾರಂತೆ!” ಎಂದು ಹೇಳಿದರು. ಆ ಮಾತು ಹೊಳೆ ದಾಟಿ ಚೆಕ್‌ಪೋಸ್ಟಿಗೆ ಹೋಗಿ, ಅಲ್ಲಿಂದ ಲಾರಿ ಹತ್ತಿ, ಮಲಯಾಳಕ್ಕೆ ತಿರುಗಿ ಕ್ಯಾಂಪಿಗೆ ಮುಟ್ಟುವ ಹೊತ್ತಿಗೆ ಪೂರ್ತಿ ಬೆಳೆದಿತ್ತು: ಬಾವಲಿಯಲ್ಲಿ ಕಾಳನ್ ಎಂಬೊಬ್ಬನು ಜನ ಸೇರಿಸಿ ಭೂಮಿಯ ಬಗ್ಗೆ ಪ್ರಸಂಗ ಮಾಡುತ್ತಿದ್ದಾನೆ, ಅವನಿಗೆ ಹೊರಗಿನಿಂದ ದುಡ್ಡು ಬರುತ್ತದೆ.

ಮೂರನೇ ದಿನ ಮಧ್ಯಾಹ್ನ ಜೀಪು ಬಂತು. ನಾನು ಸ್ಕೂಲಿನಿಂದ ಬಂದು ಬಸ್ಸಿಳಿದಾಗ ಕಾಳನನ್ನು ಕರೆದೊಯ್ದಾಗಿತ್ತು. ಚಿಕ್ಕಿ ನಮ್ಮ ಅಂಗಳದಲ್ಲಿ ಕೆಂಪಿಯನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಅಳುತ್ತಿರಲಿಲ್ಲ. ಅಪ್ಪ ಜಗಲಿಯಲ್ಲಿ ಆಚೆಯಿಂದ ಈಚೆ ನಡೆಯುತ್ತಿದ್ದರು.

“ಉಪನ್ಯಾಸ ಮಾಡ್ದ ಅಂತಾರಲ್ಲ, ಎಲ್ಲಿ ಮಾಡ್ದ?” ಅಪ್ಪ ನನ್ನನ್ನೇ ಕೇಳಿದರು. “ದಿನಾ ನನ್ನ ಕಣ್ಣೆದುರಿಗೇ ಇದ್ನಲ್ಲ. ಯಾರಿಗೆ ಮಾಡ್ದ? ನಮ್ಮ ಎಮ್ಮೆಗಳಿಗಾ?”

ರಾತ್ರಿ ಚಾಪೆಯ ಮೇಲೆ ಮಲಗಿ, ಹೇಳಿದರೆ ಏನಾಗಬಹುದು ಎಂದು ಒಂದೊಂದಾಗಿ ಎಣಿಸಿದೆ. ಸ್ಕೂಲಿನಿಂದ ಹೊರಗೆ ಹಾಕಬಹುದು. ಅಜ್ಜಿಯ ಐದು ರೂಪಾಯಿ ವಾಪಸು ಕೇಳಬಹುದು. ನನ್ನನ್ನೂ ಜೀಪಿನಲ್ಲಿ ಹಾಕಿಕೊಂಡು ಹೋಗಬಹುದು. ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ಎಣಿಸಬೇಕಾಗಿರಲಿಲ್ಲ. ಹೋದ ತಿಂಗಳು ಕ್ಯಾಂಪಿನಿಂದ ಬಂದ ಒಬ್ಬನನ್ನು ನೋಡಿದ್ದೆ. ಅವನು ಚಹದ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ಕುಡಿಯುತ್ತಿದ್ದ.

ಬೆಳಿಗ್ಗೆ ಅಪ್ಪ ಹಲ್ಲುಜ್ಜುತ್ತಿದ್ದಾಗ ಹೋಗಿ ಹೇಳಿದೆ. ಅಪ್ಪ ಬೇವಿನ ಕಡ್ಡಿ ಬಾಯಲ್ಲೇ ಇಟ್ಟುಕೊಂಡು ಪೂರ್ತಿ ಕೇಳಿದರು.

“ಅಜ್ಜಿ ಹೆಸ್ರಲ್ಲೂ ನೀನೇನಾ?”

“ಹೂಂ.”

“ನನ್ನ ಹೆಸ್ರಲ್ಲಿ?”

“ಇಲ್ಲಪ್ಪ. ನಿಮಗೆ ಹೊಂದೋ ವಿಷಯ ಬಂದಿರ್ಲಿಲ್ಲ.”

ಅಪ್ಪ ಬಾಯಿ ಮುಕ್ಕಳಿಸಿ ಉಗುಳಿದರು. ಹೊಡೆಯುತ್ತಾರೆ ಎಂದುಕೊಂಡು ಕಣ್ಣು ಮುಚ್ಚಿದೆ. “ಆ ಬರ್ದಿರೋ ಪುಸ್ತಕ ತಗೋ. ಬಸ್ಸು ಬತ್ತದೆ, ನಡಿ,” ಎಂದರು ಅಷ್ಟೆ.

ಕ್ಯಾಂಪಿನ ಎಸ್.ಐ. ಬಂಗಲೆಯ ಜಗಲಿಯಲ್ಲಿ ಟವೆಲ್ ಹಾಕಿದ ಕುರ್ಚಿಯ ಮೇಲೆ ಕುಳಿತಿದ್ದರು. ನಾನು ಮಲಯಾಳದಲ್ಲಿ ಎಲ್ಲ ಹೇಳಿ, ಕರಡು ಬರೆದ ನೋಟ್‌ಪುಸ್ತಕ ಮುಂದಿಟ್ಟೆ. ಅವರು ಆರಾಮವಾಗಿ ಓದಿದರು. ಒಂದು ಕಡೆ ನಿಲ್ಲಿಸಿ ಅಪ್ಪನನ್ನು ಕಾಲಿನಿಂದ ತಲೆಯ ತನಕ ನೋಡಿದರು.

“ಚಾಟಿ ಎಲ್ಲಿ?”

ಅಪ್ಪ ಗಾಬರಿಯಾಗಿ, “ಯಾವ ಚಾಟಿ ಸಾರ್?” ಎಂದರು.

“ಎರಡನೇ ಪುಟ, ಮೂರನೇ ಸಾಲು. ಕುದುರೆ ಎಲ್ಲಿ?”

“ಅಯ್ಯೋ ಸಾರ್, ನಂಗೆ ಎರಡು ಎತ್ತು ಬಿಟ್ರೆ ಬೇರೇನಿಲ್ಲ. ಅದ್ರಲ್ಲೂ ಒಂದಕ್ಕೆ ಕಾಲು ಕುಂಟು,” ಎಂದು ಅಪ್ಪ ಕೈಮುಗಿದರು. ನನ್ನ ಕಡೆ ನೋಡಿದ ನೋಟದಲ್ಲಿ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು. ಮನೆಯಲ್ಲಿ ತಮ್ಮ ಬಗ್ಗೆ ಇಂಥ ಅಭಿಪ್ರಾಯವಿದೆ ಎಂದು ಅವರಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಎಸ್.ಐ. ಪುಸ್ತಕ ಮುಚ್ಚಿದರು. “ಇದನ್ನು ನೀನೇ ಬರೆದದ್ದು ಎಂದು ನಾನು ಹೇಗೆ ನಂಬಲಿ? ಯಾರೋ ಹೇಳಿ ಬರೆಸಿರಬಹುದು. ಕುಳಿತುಕೋ. ಒಂದು ವಿಷಯ ಕೊಡುತ್ತೇನೆ. ಎರಡು ಪುಟ, ಅರ್ಧ ಗಂಟೆ.” ಸ್ವಲ್ಪ ಯೋಚಿಸಿ, “ಪೊಲೀಸರು ಜನರ ಮಿತ್ರರು,” ಎಂದರು.

ಬೆಂಚಿನ ಮೇಲೆ ಕುಳಿತೆ. ಎದುರಿಗೆ ಕಿಟಕಿ. ಕಿಟಕಿಯಾಚೆ ಹಿತ್ತಿಲಿನ ಕಂಬಕ್ಕೆ ಒರಗಿ ಕಾಳ ನೆಲದ ಮೇಲೆ ಕುಳಿತಿದ್ದ. ಎಡಗೆನ್ನೆ ಊದಿಕೊಂಡು ಆ ಕಡೆಯ ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣಿನಿಂದ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿ ಬರೆಯತೊಡಗಿದೆ. ‘ಮಗು ತಾಯಿಯ ಮಡಿಲಲ್ಲಿ ನಿದ್ರಿಸುವಂತೆ ನಮ್ಮ ಹಳ್ಳಿಗಳು ಪೊಲೀಸರ ತೋಳಿನಲ್ಲಿ ನಿದ್ರಿಸುತ್ತವೆ.’ ಒಂದೇ ಒಂದು ಕಡೆ ಕಾಟು ಹಾಕಲಿಲ್ಲ. ಅಷ್ಟು ಸರಾಗವಾಗಿ ನಾನು ಹಿಂದೆಯೂ ಬರೆದಿಲ್ಲ, ಆಮೇಲೆಯೂ ಬರೆದಿಲ್ಲ. ಕೊನೆಗೆ ಅಭ್ಯಾಸಬಲದಿಂದ ಪದ ಎಣಿಸಿ ಸೊನ್ನೆ ಸುತ್ತಿದೆ.

ಎಸ್.ಐ. ಓದಿದರು. ಮಡಿಲಿನ ವಾಕ್ಯವನ್ನು ಪಕ್ಕದಲ್ಲಿದ್ದ ಪೇದೆಗೆ ಓದಿ ಹೇಳಿದರು. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. “ನನ್ನ ಮಗಳ ಸ್ಕೂಲಿನಲ್ಲಿ ಮುಂದಿನ ವಾರ ಒಂದು ಸ್ಪರ್ಧೆ ಇದೆ,” ಎಂದು ಗಂಟಲು ಸರಿಮಾಡಿಕೊಂಡು, “ಇನ್ನು ಮೇಲೆ ಬೇರೆಯವರ ಹೆಸರಲ್ಲಿ ಬರೆಯುವುದು ತಪ್ಪು, ತಿಳಿಯಿತಾ?” ಎಂದು ನನಗೆ ಬುದ್ಧಿ ಹೇಳಿದರು.

ಕಾಳನನ್ನು ಬಿಟ್ಟರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆಬದಿಯ ಮರದ ಕೆಳಗೆ ಮೂವರೂ ಕುಳಿತೆವು. ಅಪ್ಪ ಎಲೆಯಡಿಕೆ ತೆಗೆದು ಮೊದಲು ಕಾಳನ ಕಡೆ ಚಾಚಿದರು. ಕಾಳ ಊದಿದ ಕೆನ್ನೆಯನ್ನು ತೋರಿಸಿ ಬೇಡವೆಂದ. ಆಮೇಲೆ ನನ್ನ ಕೈಯಲ್ಲಿದ್ದ ಪುಸ್ತಕದ ಕಡೆ ನೋಡಿ, “ಏನು ಬರ್ದಿದ್ದೀಯ, ಓದು. ಏಟು ತಿಂದಾಯ್ತು, ಯಾವುದಕ್ಕೆ ಅಂತ ಗೊತ್ತಾಗ್ಲಿ,” ಎಂದ.

ಮಲಯಾಳದಲ್ಲಿದ್ದದ್ದನ್ನು ಕನ್ನಡ ಮಾಡುತ್ತಾ ಓದಿದೆ. ತೀರ್ಪುಗಾರರ ಮುಂದೆ ಓದುವುದು ಸುಲಭ. ಯಾರ ಕಥೆಯೋ ಅವರ ಮುಂದೆಯೇ ಓದುವುದು ಹೇಗೆಂದು ಆ ದಿನ ತಿಳಿಯಿತು. ಬೆವರು, ಕಣ್ಣೀರು ಎಲ್ಲ ಅವನು ಸುಮ್ಮನೆ ಕೇಳಿದ. ಕೊನೆಯ ನಲವತ್ತು ಪದಗಳನ್ನು ಹಾರಿಸಬೇಕೆಂದಿದ್ದೆ, ಆದರೆ ಬಾಯಿ ಓದಿಯೇಬಿಟ್ಟಿತು.

“ನನ್ನ ಮಗಿನ ಯಾಕೆ ಸಾಯ್ಸಿದೆ?” ಎಂದ ಕಾಳ.

ನಾನು ಪುಸ್ತಕ ಮುಚ್ಚಿದೆ.

“ಕೆಂಪಿ ಬದ್ಕಿದ್ರೆ ಕಾಸು ಕಮ್ಮಿ ಕೊಡ್ತಿದ್ರಾ?”

“ಹೂಂ,” ಅಂದೆ.

ಅಪ್ಪ ನೆಲ ನೋಡುತ್ತಿದ್ದವರು ತಲೆ ಎತ್ತಿದರು. “ಅದು ಬುಡು, ಹುಡ್ಗಿ ಬುದ್ಧಿ. ನೀನು ಹೇಳು ಕಾಳ. ನಾನು ನಿನ್ನ ಮೇಲೆ ಯಾವತ್ತಾದ್ರೂ ಕೈ ಮಾಡಿದ್ದೀನಾ?”

“ಇಲ್ಲ ಗೌಡ್ರೆ. ಹೊಡೆದಿಲ್ಲ.” ಕಾಳ ಒಂದು ಹುಲ್ಲುಕಡ್ಡಿ ಕಿತ್ತು ಬೆರಳಿಗೆ ಸುತ್ತಿಕೊಂಡ. “ಕೂಲಿ ಭತ್ತ ಅಳಿಯೋವಾಗ ಸೇರಿನ ಒಳಗೆ ಹೆಬ್ಬೆಟ್ಟು ಹಾಕ್ತೀರಿ, ಅಷ್ಟು ಭತ್ತ ಕಮ್ಮಿ. ನಮ್ಮಪ್ಪನ ಕಾಲ್ದಿಂದ ನಿಮ್ಮನೇಲಿ ಹಂಗೇ. ಅದನ್ನ ಬರ್ದಿಲ್ಲ ಸಣ್ಣವ್ವ.”

ಅಪ್ಪ ಎದ್ದು ರಸ್ತೆಗೆ ಹೋಗಿ ಬಸ್ಸು ಬರುವ ಕಡೆ ನೋಡುತ್ತಾ ನಿಂತರು. ನಾನು ಆ ಹೆಬ್ಬೆಟ್ಟನ್ನು ಚಿಕ್ಕಂದಿನಿಂದ ನೋಡಿದ್ದೆ. ಭತ್ತ ಅಳೆಯುವುದೆಂದರೆ ಹಾಗೆಯೇ ಎಂದುಕೊಂಡಿದ್ದೆ.

ಮನಿಯಾರ್ಡರು ಹತ್ತು ದಿನ ಬಿಟ್ಟು ಬಂತು. ಈ ಸಲ ಚಾತುವೇಟ್ಟನ್ ಚಹದಂಗಡಿಗೆ ಹೋಗದೆ ನೇರ ಗದ್ದೆಗೆ ಬಂದು, ಕಾಳನ ಹೆಬ್ಬೆಟ್ಟು ಒತ್ತಿಸಿಕೊಂಡು, ಐದು ಹತ್ತರ ನೋಟು ಕೊಟ್ಟರು. ನಾನು ಬದುವಿನ ಮೇಲೆ ನಿಂತಿದ್ದೆ. ನಾಚಿಕೆಯಾಗಿತ್ತು ನಿಜ. ಆದರೂ ನಿಂತಿದ್ದೆ. ಹದಿನೈದು ವರ್ಷದಲ್ಲಿ ನಾಚಿಕೆ ಒಂದು ಕಡೆ, ಪೊರೋಟ ಒಂದು ಕಡೆ ಇರುತ್ತವೆ.

ಕಾಳ ನೋಟುಗಳನ್ನು ಸೊಂಟಕ್ಕೆ ಸೇರಿಸಿ ಮಡಿಕೆ ಸರಿಮಾಡಿಕೊಂಡ. ನಾನು ಕೆಮ್ಮಿದೆ.

“ಏನು ಸಣ್ಣವ್ವ?”

“ಅಲ್ಲ... ಬರ್ದಿದ್ದು ನಾನು.”

“ಹೆಸ್ರು ಯಾರ್ದು?”

“ನಿಂದು.”

“ಈ ಗದ್ದೆ ನಾನು ಉಳ್ತೀನಿ. ಭತ್ತ ಯಾರ ಮನೆಗೆ ಹೋಗ್ತದೆ? ಪತ್ರದಲ್ಲಿ ಹೆಸ್ರಿರೋರ ಮನೆಗೆ.” ಅವನ ಮುಖದಲ್ಲಿ ನಗುವಿರಲಿಲ್ಲ, ಆದರೆ ಊತ ಇಳಿದಿದ್ದ ಆ ಕಣ್ಣಿನಲ್ಲಿ ಏನೋ ಹೊಳೆಯುತ್ತಿತ್ತು. “ನಾನು ಮಾಡಿದ ನ್ಯಾಯ ಅಲ್ಲ ಇದು. ಆದ್ರೆ ಬಿಟ್ಟಿ ಕೆಲ್ಸ ಮಾಡ್ಸಿದ್ರು ಅನ್ನಬ್ಯಾಡ. ಎಷ್ಟು ದಿನ ಬರ್ದೆ?”

“ಮೂರು ದಿನ.”

ಕಾಳ ತಿರುಗಿ, ಹುಲ್ಲು ಕೊಯ್ಯುತ್ತಿದ್ದ ಹೆಂಡತಿಯನ್ನು ಕೂಗಿದ. “ಚಿಕ್ಕಿ, ಗೌಡ್ರು ಹೆಣ್ಣಾಳಿಗೆ ದಿನಕ್ಕೆ ಎಷ್ಟು ಕೊಡ್ತಾರೆ?”

“ಭತ್ತಾನ ಕಾಸು ಮಾಡಿದ್ರೆ ಒಂದೂಕಾಲು ರೂಪಾಯಿ,” ಎಂದಳು ಚಿಕ್ಕಿ, ತಲೆಯೆತ್ತದೆ.

ಚಹದಂಗಡಿಯಲ್ಲಿ ಚಿಲ್ಲರೆ ಮಾಡಿಸಿ, ಮೂರು ದಿನದ ಹೆಣ್ಣಾಳಿನ ಕೂಲಿಯನ್ನು ನನ್ನ ಕೈಗೆ ಹಾಕಿದ. ಬರವಣಿಗೆಯಿಂದ ನಾನು ನ್ಯಾಯವಾಗಿ ಗಳಿಸಿದ ಮೊದಲ ದುಡ್ಡು ಅದು. ಅಷ್ಟು ಕಡಿಮೆಯೇ ಎಂದು ಬಾಯಿಗೆ ಬಂದಿತ್ತು. ಯಾರನ್ನು ಕೇಳುವುದು? ಕೂಲಿ ನಿಗದಿ ಮಾಡಿದವರು ನಮ್ಮ ಮನೆಯಲ್ಲೇ ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ ಕುಳಿತಿದ್ದರು.

ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಚಿಕ್ಕಿ ಬಿಡಲಿಲ್ಲ. ನಾಲ್ಕೈದು ದಿನ ಬಿಟ್ಟು ಅವಳು ಹೊಳೆಯ ದಾರಿಯಲ್ಲಿ ನನ್ನನ್ನು ತಡೆದಳು. ಇನ್ನೊಬ್ಬರ ನೆಲದಲ್ಲಿ ಗುಡಿಸಲು ಹಾಕಿಕೊಂಡವರಿಗೆ ಗುಡಿಸಲಿನ ಸುತ್ತಲ ಹತ್ತು ಸೆಂಟ್, ಅಂದರೆ ಎಕರೆಯ ಹತ್ತರಲ್ಲೊಂದು ಪಾಲು ನೆಲವನ್ನು ಅವರ ಹೆಸರಿಗೇ ಮಾಡಿಕೊಡುವ ಕಾನೂನು ಆಗ ಹೊಸದಾಗಿ ಬಂದಿತ್ತು. ಅರ್ಜಿ ಹಾಕಬೇಕು, ಮಾನಂದವಾಡಿಯ ಆಫೀಸಿಗೆ.

“ಸುಳ್ಳು ಬರ್ದು ಐವತ್ತು ತಂದೆ,” ಎಂದಳು ಚಿಕ್ಕಿ. “ಈಗ ನಿಜ ಬರಿ. ಏನು ಬತ್ತದೆ ನೋಡಾಣ.”

“ನೆಲ ನಮ್ಮಪ್ಪನದು ಚಿಕ್ಕಿ!”

“ನಿಮ್ಮಪ್ಪನ ಕೈಗೆ ಚಾಟಿ ಕೊಡೋವಾಗ ಈ ಯೋಚ್ನೆ ಬರ್ನಿಲ್ವಾ?”

ಬರೆದೆ. ನಾಲ್ಕು ಸಾಲು. ಇಂಥವನು, ಇಂಥ ಕಡೆ, ಅಪ್ಪನ ಕಾಲದಿಂದ ವಾಸ, ಹೆಂಡತಿ, ಒಬ್ಬಳು ಮಗಳು, ಜೀವಂತ. ‘ಜೀವಂತ’ ಎಂದು ಯಾಕೆ ಬರೆದೆನೋ, ಅರ್ಜಿಗೆ ಅದರ ಅಗತ್ಯವಿರಲಿಲ್ಲ. ಅಷ್ಟು ಸಪ್ಪೆಯಾದದ್ದನ್ನು ನಾನು ಯಾವತ್ತೂ ಬರೆದಿರಲಿಲ್ಲ. ಅದಕ್ಕೆ ಏನಾದರೂ ಬರುತ್ತದೆಂಬ ನಂಬಿಕೆ ನನಗೆ ಕಾಸಿನಷ್ಟೂ ಇರಲಿಲ್ಲ.

ಅಪ್ಪನಿಗೆ ನೋಟಿಸು ಬಂತು. ನನ್ನಿಂದಲೇ ಓದಿಸಿದರು. ಓದಿ ಮುಗಿಸಿ ಬಾಗಿಲಿನ ಹತ್ತಿರಕ್ಕೆ ಸರಿದು ನಿಂತೆ, ಓಡಲು ಅನುಕೂಲವಾಗಲಿ ಎಂದು.

“ಅರ್ಜಿ ಬರ್ದೋರು ಯಾರು?” ಎಂದರು.

“ನಾನೇ.”

ಅಪ್ಪ ನೋಟಿಸನ್ನು ಮಡಿಸಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡು ಗದ್ದೆಗೆ ಹೋದರು. ನೆಂಟರೊಬ್ಬರು ಬಂದು, ತಕರಾರು ಹಾಕು, ವಕೀಲರಿದ್ದಾರೆ, ಗುಡಿಸಲು ಎತ್ತಿಸಿಬಿಡು ಎಂದೆಲ್ಲ ಹೇಳಿದರು. ಮೂರನೇ ದಿನ ವಿಚಾರಣೆಗೆ ಹೊರಡುವಾಗ ಅಪ್ಪ ಅವ್ವನಿಗೆ ಕೇಳುವ ಹಾಗೆ ಹೇಳಿದ್ದು ಇಷ್ಟು: “ಒಂದ್ಸಲ ಕಾಗದದಲ್ಲಿ ಚಾಟಿ ಹಿಡ್ದಾಯ್ತು. ಇನ್ನೊಂದ್ಸಲ ಬ್ಯಾಡ.” ಆಫೀಸಿನಲ್ಲಿ ತಕರಾರಿಲ್ಲ ಎಂದು ರುಜು ಹಾಕಿ ಬಂದರು. ಭತ್ತ ಅಳೆಯುವ ಕೆಲಸವನ್ನು ಆ ವರ್ಷದಿಂದ ಅವ್ವನಿಗೆ ಬಿಟ್ಟುಕೊಟ್ಟರು. ಕಾರಣ ಹೇಳಲಿಲ್ಲ. ಅವ್ವನ ಹೆಬ್ಬೆಟ್ಟು ಸೇರಿನ ಹೊರಗಿರುತ್ತಿತ್ತು.

ನೆಲದ ಪಟ್ಟೆ ಬರಲು ವರ್ಷ ಹಿಡಿಯಿತು. ಬಂದ ದಿನ ಸಂಜೆ ಕಾಳ ಅದನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ನಮ್ಮ ಅಂಗಳಕ್ಕೆ ಬಂದ. ಪಕ್ಕದಲ್ಲಿ ಚಿಕ್ಕಿ, ಹಿಂದೆ ಕೆಂಪಿ.

“ಇದ್ರಲ್ಲಿ ನನ್ನ ಹೆಸ್ರು ಎಲ್ಲದೆ, ತೋರ್ಸು.”

ಬೆರಳಿಟ್ಟು ತೋರಿಸಿದೆ. “ಇಲ್ನೋಡು ಕಾಳಣ್ಣ.” ಅಣ್ಣ ಎಂಬುದು ಎಲ್ಲಿಂದ ಬಂತೋ, ತಾನಾಗಿ ಬಂತು. ಅವನು ಗಮನಿಸಿದಂತೆ ಕಾಣಲಿಲ್ಲ. ಚಿಕ್ಕಿ ಗಮನಿಸಿದಳು.

ಕಾಳ ಬಗ್ಗಿ, ಹೆಸರಿನ ಮೇಲೆ ಬೆರಳು ಆಡಿಸಿದ. ಆಮೇಲೆ ನನ್ನ ಮುಖವನ್ನೇ ದಿಟ್ಟಿಸಿ ನೋಡಿದ. ಬಹಳ ಅನುಮಾನದ ನೋಟ.

“ಇದನ್ನ ನೀನು ಬರ್ದಿದ್ದಲ್ಲ ತಾನೆ?”

“ಅಯ್ಯೋ, ಇಲ್ಲ ಕಾಳಣ್ಣ. ಸರ್ಕಾರ ಬರ್ದಿದ್ದು.”

“ಹಂಗಾದ್ರೆ ಸರಿ,” ಎಂದು ಕಾಗದವನ್ನು ಮತ್ತೆ ಬಾಳೆಲೆಯಲ್ಲಿ ಸುತ್ತಿದ.